ಬಾಯಿ ಬಿಟ್ಟು ಹೇಳಲಾಗದ ರೊಕ್ಕಕ್ಕೆ ಯಾವ ಘಟ್ಟವೂ ಸೇಫ್ ಅಲ್ಲ

"ಗೋವಾಕ್ಕ ಆಡಾಕ ಹೊಂಟೇವ್ರಿ. ನಾಕೈದು ಲಕ್ಷ ಕ್ಯಾಶ್ ಐತಿ. ಸೇಫ್ ಆಗಿ ಒಯ್ಯೂದು ಹೆಂಗ?"

ಬೆಳಗಾವಿ, ಖಾನಾಪುರ ಕಡೆ ಇದು ಹೊಸ ಪ್ರಶ್ನೆ ಅಲ್ಲ. ಕಬ್ಬಿನ ಬಿಲ್ಲು ಜಮಾ ಆದಾಗ, ಹೊಲ ಮಾರಿದಾಗ, ದೀಪಾವಳಿ ಹತ್ತಿರ ಬಂದಾಗ ಗೆಳೆಯರ ನಡುವೆ ಮೆಲ್ಲಗೆ ಓಡಾಡುವ ಪ್ರಶ್ನೆ. ಸಲಹೆ ಕೊಡುವವರಿಗೂ ಕೊರತೆ ಇಲ್ಲ. ಒಬ್ಬ ಸ್ಟೆಪ್ನಿ ಟೈರಿನ ಕೆಳಗೆ ಇಡು ಅನ್ನುತ್ತಾನೆ. ಇನ್ನೊಬ್ಬ ಅಕ್ಕಿ ಚೀಲದಾಗ ಹಾಕು ಅನ್ನುತ್ತಾನೆ. ಮತ್ತೊಬ್ಬ ನಾಲ್ಕು ಮಂದಿ ಹಂಚಿಕೊಂಡು ಸೊಂಟಕ್ಕೆ ಕಟ್ಟಿಕೊಳ್ರಿ ಅನ್ನುತ್ತಾನೆ.

ನಾವು ಈ ಸಲಹೆಗಳ ವಿರುದ್ಧ ಬರೆಯುತ್ತಿದ್ದೇವೆ. ನಮ್ಮ ಮಾತು ಒಂದೇ: ಜೂಜಿನ ರೊಕ್ಕಕ್ಕೆ ದೊಡ್ಡ ಅಪಾಯ ಘಟ್ಟದ ತಿರುವಿನಲ್ಲಿ ಇಲ್ಲ. ಅದನ್ನು ಮುಚ್ಚಿಡುವುದರಲ್ಲಿ ಇದೆ. ಎಲ್ಲಿಂದ ಬಂತು, ಎಲ್ಲಿಗೆ ಹೊಂಟಿತು ಅಂತ ಬಾಯಿ ಬಿಟ್ಟು ಹೇಳಲು ಆಗದ ರೊಕ್ಕ ಕಳ್ಳನಿಗೂ ಸುಲಭದ ತುತ್ತು, ಸಾಲ ಕೊಟ್ಟವನಿಗೂ ಸುಲಭದ ತುತ್ತು.

ದಾರಿ ಹೇಗಿದೆ

ಬೆಳಗಾವಿಯಿಂದ ಪಣಜಿಗೆ ಎರಡು ದಾರಿ. ಒಂದು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿಯುವ ದಾರಿ. ಇನ್ನೊಂದು ಖಾನಾಪುರ, ಲೋಂಡಾ, ರಾಮನಗರದ ಮೇಲೆ ಹೋಗಿ ಅನಮೋಡ ಘಟ್ಟ ಇಳಿಯುವ ದಾರಿ. ಎರಡೂ ಕಾಡಿನ ದಾರಿ. ಮಧ್ಯೆ ಮಧ್ಯೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಮಳೆಗಾಲದಲ್ಲಿ ಮಂಜು, ಕುಸಿದ ಮಣ್ಣು, ಕೆಟ್ಟು ನಿಂತ ಲಾರಿ. ಚೋರ್ಲಾ ಸುತ್ತ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರರ ಗಡಿಯೂ ಕೂಡುತ್ತವೆ. ಅಲ್ಲಿ ಏನಾದರೂ ಆದರೆ "ಇದು ನಮ್ಮ ಹದ್ದಿಗೆ ಬರೂದಿಲ್ಲ" ಅನ್ನುವ ಮಾತು ಕೇಳಬೇಕಾದೀತು ಅನ್ನುವ ಅಂಜಿಕೆ ಜನರಿಗೆ ಇದ್ದೇ ಇದೆ.

ಆದರೆ ಯೋಚಿಸಿ. ಕತ್ತಲಲ್ಲಿ ಸಾಗುವ ನೂರಾರು ಗಾಡಿಗಳಲ್ಲಿ ನಿಮ್ಮ ಗಾಡಿಯಲ್ಲೇ ರೊಕ್ಕ ಇದೆ ಅಂತ ಕಳ್ಳನಿಗೆ ಕನಸು ಬೀಳುವುದಿಲ್ಲ. ಯಾರೋ ಹೇಳಿರಬೇಕು. ಜೊತೆ ಕೂತವರು, ಗಾಡಿ ಬಾಡಿಗೆಗೆ ಕೊಟ್ಟವರು, ಸಾಲ ಎಣಿಸಿ ಕೊಟ್ಟವರು, ಧಾಬಾದಲ್ಲಿ ಕುಡಿದು ಆಡಿದ ಮಾತು ಕೇಳಿದವರು. ಬರುವಾಗಂತೂ ನೀವು ಗೆದ್ದಿದ್ದನ್ನು ನೋಡಿದವರ ಲೆಕ್ಕ ಬೇರೆ. ಸ್ಟೆಪ್ನಿ ಟೈರು ಇವರಿಂದ ನಿಮ್ಮನ್ನು ಕಾಯುವುದಿಲ್ಲ.

ಹೀಗೆ ಹೇಳಿದವನಿಗೆ ಒಂದು ಧೈರ್ಯ ಇರುತ್ತದೆ: ಇವ ಕಂಪ್ಲೇಂಟ್ ಕೊಡೂದಿಲ್ಲ. ಮನೆಯಲ್ಲಿ ಹೆಂಡತಿಗೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತಿಲ್ಲ. ಸ್ಟೇಷನ್ನಿಗೆ ಹೋದರೆ "ಇಷ್ಟು ರೊಕ್ಕ ಎಲ್ಲಿಂದ ಬಂತು?" ಎಂಬ ಮೊದಲ ಪ್ರಶ್ನೆಗೇ ಮಾತು ನಿಲ್ಲುತ್ತದೆ. ಗುಟ್ಟೇ ಕಳ್ಳನ ಬಂಡವಾಳ.

ಮುಚ್ಚಿಟ್ಟರೆ ನಿಮ್ಮದೇ ರೊಕ್ಕ ಕಳ್ಳ ಮಾಲು

ಇಷ್ಟೇ ನಗದು ಒಯ್ಯಬೇಕು ಎಂಬ ಮಿತಿ ಸಾಮಾನ್ಯ ದಿನಗಳಲ್ಲಿ ಕಾನೂನಿನಲ್ಲಿ ಇಲ್ಲ. ಆದರೆ ಕೇಳಿದಾಗ ಮೂಲ ತೋರಿಸಬೇಕು. ಬ್ಯಾಂಕಿನಿಂದ ತೆಗೆದ ಚೀಟಿ, ಹೊಲ ಮಾರಿದ ಕಾಗದ, ಕಾರ್ಖಾನೆಯ ಬಿಲ್ಲು ಕೈಯಲ್ಲಿದ್ದರೆ ಮಾತು ಮುಗಿಯುತ್ತದೆ. ಅದೇ ರೊಕ್ಕ ಅಕ್ಕಿ ಚೀಲದಲ್ಲಿ ಸಿಕ್ಕರೆ ನೀವು ಎಷ್ಟು ನಿಜ ಹೇಳಿದರೂ ನಂಬಿಕೆ ಅರ್ಧ ಹೋಗಿರುತ್ತದೆ.

ಚುನಾವಣೆ ನೀತಿ ಸಂಹಿತೆ ಇದ್ದಾಗ ಲೆಕ್ಕ ಇನ್ನೂ ಬಿಗಿ. ದಾಖಲೆ ಇಲ್ಲದೆ 50,000 ರೂಪಾಯಿಗಿಂತ ಹೆಚ್ಚು ನಗದು ಸಿಕ್ಕರೆ ತಪಾಸಣೆಯವರು ಹಿಡಿದಿಡಬಹುದು. ನಿಮ್ಮದೇ ಅಂತ ಕಾಗದ ತೋರಿಸಿದರೆ ಜಿಲ್ಲಾ ಸಮಿತಿ ಬಿಡಿಸಿ ಕೊಡುತ್ತದೆ. 10 ಲಕ್ಷ ಮೀರಿದ್ದರೆ ಆದಾಯ ತೆರಿಗೆ ಇಲಾಖೆಗೂ ಸುದ್ದಿ ಹೋಗುತ್ತದೆ. "ಕ್ಯಾಸಿನೊಕ್ಕ ಹೊಂಟಿದ್ದೆ ಸಾಹೇಬ್ರ" ಅನ್ನುವುದು ರೊಕ್ಕ ಎಲ್ಲಿಗೆ ಹೊಂಟಿತ್ತು ಅಂತ ಹೇಳಿತು, ಎಲ್ಲಿಂದ ಬಂತು ಅಂತ ಹೇಳಲಿಲ್ಲ.

ಇನ್ನೊಂದು ಮಾತು. ಬರುವಾಗ ಗಾಡಿಯಲ್ಲಿ ಗೋವಾದ ಅಗ್ಗದ ಬಾಟ್ಲಿ ತುಂಬಿಕೊಂಡು ಬರುವ ಚಟ ಇದೆಯಲ್ಲ, ಗಡಿ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸುವುದೇ ಅದಕ್ಕೆ. ಬಾಟ್ಲಿ ಹುಡುಕುವ ಕೈಗೆ ರೊಕ್ಕದ ಗಂಟೂ ಸಿಗುತ್ತದೆ.

ಯಾರಿಂದ ಮುಚ್ಚಿಡುತ್ತಿದ್ದೀರಿ?

ಹತ್ತು ರೂಪಾಯಿ ಚಹಾಕ್ಕೆ ಫೋನಿನಿಂದ ರೊಕ್ಕ ಕಳಿಸುವ ನಾವು, ಐದು ಲಕ್ಷವನ್ನು ಮಾತ್ರ ನೋಟು ಮಾಡಿ ಗಂಟು ಕಟ್ಟಿ ಒಯ್ಯುವುದು ಏಕೆ? ಕಳ್ಳರ ಅಂಜಿಕೆ ಇದ್ದವ ನೋಟು ಒಯ್ಯುವುದೇ ಇಲ್ಲ. ನೋಟಿಗೆ ಗುರುತು ಇರುವುದಿಲ್ಲ, ಪಾಸ್‌ಬುಕ್ಕಿನಲ್ಲಿ ಕ್ಯಾಸಿನೊ ಹೆಸರು ಬರುವುದಿಲ್ಲ, ಮಗಳ ಫೋನಿಗೆ ಮೆಸೇಜು ಹೋಗುವುದಿಲ್ಲ. ಅದಕ್ಕೇ ನಗದು. ಸ್ಟೆಪ್ನಿ ಕೆಳಗೆ ಇಟ್ಟಿದ್ದು ಕಳ್ಳರಿಂದ ಅಂತ ಹೇಳಿದರೂ, ನಿಜವಾಗಿ ಮುಚ್ಚಿಟ್ಟಿದ್ದು ಮನೆಯವರಿಂದ.

ಹೆಂಡತಿಯ ಬಂಗಾರ ಅಡವಿಟ್ಟ ರೊಕ್ಕ, ಅವ್ವನ ಹೆಸರಲ್ಲಿ ಸ್ವಸಹಾಯ ಸಂಘದಿಂದ ಎತ್ತಿದ ಸಾಲ, ಮುಂದಿನ ಹಂಗಾಮಿನ ಬೀಜ ಗೊಬ್ಬರಕ್ಕೆ ಇಟ್ಟ ರೊಕ್ಕ. ಇದಕ್ಕೆ ಮಾಲೀಕರು ಬೇರೆ ಇದ್ದಾರೆ. ಧರ್ಮರಾಯ ಪಗಡೆಯಲ್ಲಿ ಸೋತ ಕತೆ ಜಾತ್ರೆಯ ಬಯಲಾಟದಲ್ಲಿ ನೋಡಿ ಚಪ್ಪಾಳೆ ಹೊಡೆಯುತ್ತೇವೆ. ಅವನು ತುಂಬಿದ ಸಭೆಯಲ್ಲಿ, ಎಲ್ಲರ ಎದುರು ಸೋತ. ನಮ್ಮವರು ಮನೆಯವರಿಗೆ ಗೊತ್ತಿಲ್ಲದೆ ಮನೆಯವರನ್ನೇ ಪಣಕ್ಕಿಡುತ್ತಾರೆ.

ಗೋವಾ ತನ್ನವರನ್ನು ಕಾಯ್ದಿತು, ನಮ್ಮವರನ್ನು ಯಾರು?

ಗೋವಾದಲ್ಲಿ ಕ್ಯಾಸಿನೊ ಕಾನೂನಿನ ಪ್ರಕಾರವೇ ನಡೆಯುತ್ತದೆ. 1976ರ ಅಲ್ಲಿನ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಆಟದ ಯಂತ್ರಕ್ಕೆ ಒಪ್ಪಿಗೆ ಕೊಟ್ಟರು. 1996ರಲ್ಲಿ ಹಡಗಿನ ಮೇಲೆ ಟೇಬಲ್ ಆಟಕ್ಕೂ ಒಪ್ಪಿಗೆ ಸಿಕ್ಕಿತು. 21 ತುಂಬಿದವರು ಹೋಗಬಹುದು. ಆದರೆ 2020ರ ಫೆಬ್ರುವರಿ 1ರಿಂದ ಗೋವಾದ ನಿವಾಸಿಗಳೇ ಕ್ಯಾಸಿನೊದ ಆಟದ ಜಾಗಕ್ಕೆ ಹೋಗುವಂತಿಲ್ಲ. ಅಲ್ಲಿನ ಸರಕಾರವೇ ಹಾಕಿದ ನಿಷೇಧ. ತನ್ನ ಜನರ ಮನೆ ಹಾಳಾಗಬಾರದು, ಹೊರಗಿನವರ ರೊಕ್ಕ ಬಂದರೆ ಅಡ್ಡಿ ಇಲ್ಲ ಎಂಬುದು ಇದರ ಅರ್ಥ ಅಲ್ಲದೆ ಇನ್ನೇನು? ಆ "ಹೊರಗಿನವರು" ನಾವೇ.

ಆ ಹಡಗುಗಳು ನಿಂತಿರುವುದು ಪಣಜಿಯ ಮಾಂಡೋವಿ ನದಿಯಲ್ಲಿ. ಮಾಂಡೋವಿ ಅಂದರೆ ನಮ್ಮ ಮಹದಾಯಿ. ಹುಟ್ಟುವುದು ಖಾನಾಪುರ ತಾಲೂಕಿನ ದೇಗಾಂವದಲ್ಲಿ. ಇದರ ನೀರಿಗಾಗಿ 2015ರಿಂದ ನರಗುಂದದಲ್ಲಿ ರೈತರು ವರ್ಷಗಟ್ಟಲೆ ಧರಣಿ ಕೂತರು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಕಣಕುಂಬಿಯ ಕಾಲುವೆಯಲ್ಲಿ ನೀರು ಹರಿಯುವುದನ್ನು ನಾವು ಇನ್ನೂ ಕಾಯುತ್ತಿದ್ದೇವೆ. ಅದೇ ಕಣಕುಂಬಿ ದಾಟಿ ನಮ್ಮ ರೊಕ್ಕ ಮಾತ್ರ ಯಾವ ನ್ಯಾಯಮಂಡಳಿಯ ಅಪ್ಪಣೆಯೂ ಇಲ್ಲದೆ ಕೆಳಗೆ ಹರಿಯುತ್ತಿದೆ.

ಮುಟ್ಟಿದ ಮೇಲೆ ಏನಾಗುತ್ತದೆ? ರೂಲೆಟ್ ಚಕ್ರ ನೋಡಿ. ಒಂದು ಸೊನ್ನೆ ಇರುವ ಚಕ್ರದಲ್ಲಿ 37 ಮನೆ. ಪ್ರತಿ ಮನೆಗೆ 100 ರೂಪಾಯಿ ಇಟ್ಟರೆ 3,700 ಆಯಿತು. ಗೆದ್ದ ಮನೆಗೆ ನಿಮ್ಮ 100 ಸೇರಿ ಸಿಗುವುದು 3,600. ಯಾರೂ ಮೋಸ ಮಾಡಬೇಕಾಗಿಲ್ಲ, ಆಟ ಕಟ್ಟಿದ್ದೇ ಹಾಗೆ. ಎಷ್ಟು ಹೊತ್ತು ಕೂತರೆ ಅಷ್ಟು ಅವರ ಪಾಲು. ಇದರ ಮೇಲೆ ಚಿಪ್ಸ್ ಕೊಳ್ಳುವ ರೊಕ್ಕಕ್ಕೆ ಜಿಎಸ್‌ಟಿ: 2023ರ ಅಕ್ಟೋಬರ್‌ನಿಂದ ಪೂರ್ತಿ ಮೊತ್ತದ ಮೇಲೆ 28%, 2025ರ ಸೆಪ್ಟೆಂಬರ್ 22ರಿಂದ 40%. ಗೆದ್ದರೆ ಗೆದ್ದದ್ದಕ್ಕೆ 30% ಆದಾಯ ತೆರಿಗೆ. ನಿನ್ನೆ ಸೋತದ್ದನ್ನು ಇವತ್ತು ಗೆದ್ದದ್ದರಲ್ಲಿ ಕಳೆದು ತೋರಿಸಲು ಬರುವುದಿಲ್ಲ. ದಾರಿಯಲ್ಲಿ ದರೋಡೆ ಆಗದೆ ಮುಟ್ಟಿದ ಗಂಟಿನ ಗತಿ ಇದು.

2025ರ ಆಗಸ್ಟ್‌ನಲ್ಲಿ ಸಂಸತ್ತು ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಮ್ಮ ರಾಜ್ಯ 2007ರಲ್ಲೇ ಲಾಟರಿ ನಿಲ್ಲಿಸಿತು. ಫೋನಿನಲ್ಲಿ ಆಡಿದರೆ ಮನೆ ಹಾಳು, ಹಡಗಿನಲ್ಲಿ ಆಡಿದರೆ ಪ್ರವಾಸೋದ್ಯಮ. ಈ ನ್ಯಾಯ ನಮಗೆ ಅರ್ಥ ಆಗುವುದಿಲ್ಲ.

ಘಟ್ಟ ಇಳಿಯದವರೂ ಕೇಳಿ

ಎಲ್ಲರೂ ಗೋವಾಕ್ಕೆ ಹೋಗುವುದಿಲ್ಲ. ಊರ ಹೊರಗಿನ ಶೆಡ್ಡಿನಲ್ಲಿ, ಕಬ್ಬಿನ ಗದ್ದೆಯ ಬದುವಿನಲ್ಲಿ ಅಂದರ್ ಬಾಹರ್ ನಡೆಯುತ್ತದೆ. ಪಾನ್ ಅಂಗಡಿಯಲ್ಲಿ ಓಸಿ ಚೀಟಿ ಬರೆಯುತ್ತಾರೆ. ಇದು ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಅಪರಾಧ. ದಾಳಿ ಆದರೆ ಪಣಕ್ಕಿಟ್ಟ ರೊಕ್ಕ ಜಪ್ತಿ, ಹೆಸರು ಪೇಪರಿನಲ್ಲಿ. ಈ ಅಡ್ಡೆಗೆ ರೊಕ್ಕ ಒಯ್ಯುವ ಸುರಕ್ಷಿತ ದಾರಿ ಅಂತ ಒಂದು ಇಲ್ಲವೇ ಇಲ್ಲ.

ಅಲ್ಲಿ ಸೋತವನ ಪಕ್ಕದಲ್ಲೇ ಬಡ್ಡಿಗೆ ಕೊಡುವವ ಕೂತಿರುತ್ತಾನೆ. ಸಹಿ ಮಾಡಿದ ಖಾಲಿ ಚೆಕ್ಕು ಕೇಳುತ್ತಾನೆ, ಬರೀ ಬಾಂಡ್ ಪೇಪರ್ ಕೇಳುತ್ತಾನೆ. ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಕರಾರಿಗೆ ಬೆಲೆ ಇಲ್ಲ. ಪಣದಲ್ಲಿ ಗೆದ್ದದ್ದನ್ನು ಕೋರ್ಟಿಗೆ ಹೋಗಿ ವಸೂಲಿ ಮಾಡಲು ಬರುವುದಿಲ್ಲ. ಅದು ಗೊತ್ತಿದ್ದೇ ಅವರು ಖಾಲಿ ಚೆಕ್ಕು ಕೇಳುವುದು. ಚೆಕ್ಕಿನಲ್ಲಿ ಜೂಜು ಅಂತ ಬರೆದಿರುವುದಿಲ್ಲ, ಬೌನ್ಸ್ ಆದರೆ ಅದೇ ಬೇರೆ ಕೇಸು. ಕೊಡಬೇಡಿ.

"ನಮ್ಮ ರೊಕ್ಕ, ನಮ್ಮ ಖುಷಿ"

ಈ ಮಾತು ಬರುತ್ತದೆ, ಬರಲಿ. ದುಡಿದ ರೊಕ್ಕದಲ್ಲಿ ಐದು ಸಾವಿರ ತೆಗೆದು, ಮನೆಯಲ್ಲಿ ಹೇಳಿ, ಗೆಳೆಯರ ಜೊತೆ ಹಡಗು ನೋಡಿ ಬಂದವನ ಮೇಲೆ ನಮಗೆ ಸಿಟ್ಟಿಲ್ಲ. ದೊಡ್ಡವರು ಹೋದರೆ ಮೋಜು, ರೈತ ಹೋದರೆ ಚಟ ಅಂತ ಹೇಳುವ ಬುದ್ಧಿವಾದಿಗಳೂ ನಾವಲ್ಲ. ನಮ್ಮ ಪರೀಕ್ಷೆ ಸರಳ: ಇಷ್ಟು ರೊಕ್ಕ, ಇಂಥ ಕಡೆ ಒಯ್ಯುತ್ತಿದ್ದೇನೆ ಅಂತ ಹೊರಡುವ ಮುಂಚೆ ಮನೆಯ ಅಡುಗೆಮನೆಯಲ್ಲಿ ನಿಂತು ಹೇಳಲು ಆಗುತ್ತದಾ? ಆದರೆ ಅದು ನಿಮ್ಮ ಖುಷಿ. ಆಗದಿದ್ದರೆ ಅದು ನಿಮ್ಮೊಬ್ಬರ ರೊಕ್ಕ ಅಲ್ಲ.

ನಾವು ಕೇಳುವುದು

ಗೋವಾ ಸರಕಾರ ತನ್ನ ಜನರಿಗೆ ಹಾಕಿದ ಬೇಲಿಯ ಬಗ್ಗೆ ಕರ್ನಾಟಕ ಸರಕಾರ ಬಾಯಿ ಬಿಡಬೇಕು. ಮನೆಯವರು ಅರ್ಜಿ ಕೊಟ್ಟರೆ ಚಟಕ್ಕೆ ಬಿದ್ದವನನ್ನು ಕ್ಯಾಸಿನೊ ಬಾಗಿಲಲ್ಲೇ ತಡೆಯುವ ವ್ಯವಸ್ಥೆ ಹೊರ ರಾಜ್ಯದವರಿಗೂ ಬೇಕು ಅಂತ ಗೋವಾವನ್ನು ಕೇಳಬೇಕು. ನೀರಿನ ಹಂಚಿಕೆಗೆ ದಿಲ್ಲಿಗೆ ಹೋಗುವ ನಮ್ಮ ಜನಪ್ರತಿನಿಧಿಗಳು ಇದಕ್ಕೆ ಪಣಜಿಗೆ ಒಂದು ಕಾಗದ ಬರೆಯಲಿ. ಚುನಾವಣೆ ಬಂದಾಗ ಎಚ್ಚರ ಆಗುವ ಘಟ್ಟದ ತಪಾಸಣೆ ಉಳಿದ ದಿನಗಳಲ್ಲೂ ರಾತ್ರಿ ಗಸ್ತಾಗಿ ಇರಲಿ.

ಓದುವ ಅಣ್ಣಂದಿರೇ, ತಮ್ಮಂದಿರೇ, ನಿಮ್ಮಿಂದಲೂ ಕೇಳುವುದಿದೆ. ದಾರಿಯಲ್ಲಿ ದರೋಡೆ ಆಗಿದ್ದರೆ ಸುಮ್ಮನಿರಬೇಡಿ. ಪರವಾನಗಿ ಇರುವ ಕ್ಯಾಸಿನೊಗೆ ಹೊಂಟಿದ್ದು ಅಪರಾಧ ಅಲ್ಲ, ದರೋಡೆ ಅಪರಾಧ. 112ಕ್ಕೆ ಫೋನ್ ಮಾಡಿ. ಹದ್ದಿನ ನೆಪ ಹೇಳಿದರೆ ಝೀರೊ ಎಫ್‌ಐಆರ್ ಬರೆಸಿಕೊಳ್ಳಿ ಅನ್ನಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಘಟನೆ ಯಾವ ಹದ್ದಿನಲ್ಲೇ ಆಗಿರಲಿ, ಠಾಣೆಯವರು ದೂರು ದಾಖಲಿಸಲೇಬೇಕು. ನೀವು ಸುಮ್ಮನಿದ್ದರೆ ನಾಳೆ ಅದೇ ತಿರುವಿನಲ್ಲಿ ಮಗಳ ಮದುವೆಗೆ ಬಂಗಾರ ತರಲು ಹೊಂಟವನ ಗಾಡಿ ನಿಲ್ಲುತ್ತದೆ.

ಆಡದೆ ಇರಲು ಆಗುತ್ತಿಲ್ಲ ಅನ್ನಿಸಿದರೆ ಅದು ಗುಣದ ದೋಷ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಜೂಜಿನ ಚಟ ಇದೆ. ಟೆಲಿ ಮಾನಸ್ ನಂಬರು 14416, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಪಣಜಿಗಿಂತ ಹತ್ತಿರ, ಆ ದಾರಿಯಲ್ಲಿ ಘಟ್ಟವೂ ಇಲ್ಲ.

ಸಲಹೆ ಕೊಡುವ ಗೆಳೆಯರಿಗೆ ಒಂದೇ ಮಾತು. ಮುಂದಿನ ಸಲ ಯಾರಾದರೂ "ರೊಕ್ಕ ಎಲ್ಲಿ ಇಡಲಿ?" ಅಂತ ಕೇಳಿದರೆ ಸ್ಟೆಪ್ನಿ ತೋರಿಸಬೇಡಿ. "ಮನ್ಯಾಗ ಹೇಳಿಯೇನು?" ಅಂತ ಕೇಳಿ.