ಸೂತ್ರಕ್ಕೆ ಮೊದಲು ಹೆಜ್ಜೆ

ಗಣಿತದ ಕೆಲವು ಪಾಠಗಳು ಸುಲಭವೆಂಬ ಕಾರಣಕ್ಕೇ ಕೆಡುತ್ತವೆ. ನಿರ್ದೇಶಾಂಕ ಸಮತಲದ ಮೇಲಿನ ಸ್ಥಾನಾಂತರ ಅಂಥದೊಂದು ಪಾಠ. ಒಂದು ಆಕೃತಿಯನ್ನು ತಿರುಗಿಸದೆ, ಮಗುಚದೆ, ಹಿಗ್ಗಿಸದೆ, ಇದ್ದ ಹಾಗೆಯೇ ಬೇರೊಂದೆಡೆಗೆ ಸರಿಸುವುದೇ ಸ್ಥಾನಾಂತರ. ಬಲಕ್ಕೆ ಸರಿದರೆ ಮೊದಲ ಸಂಖ್ಯೆಗೆ ಕೂಡು, ಎಡಕ್ಕಾದರೆ ಕಳೆ; ಮೇಲಕ್ಕೆ ಸರಿದರೆ ಎರಡನೆಯದಕ್ಕೆ ಕೂಡು, ಕೆಳಕ್ಕಾದರೆ ಕಳೆ. ಈ ನಿಯಮವನ್ನು ಕರಿಹಲಗೆಯ ಮೇಲೆ ಬರೆಯಲು ಐದು ನಿಮಿಷ ಸಾಕು. ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ನಿಯಮ ಬಾಯಿಗೆ ಬಂದಿತೆಂದ ಮಾತ್ರಕ್ಕೆ ವಿಷಯ ಮನಸ್ಸಿಗೆ ಇಳಿಯಿತೆಂದು ಭಾವಿಸಲಾಗದು. ಈ ಪಾಠ ಸೂತ್ರದಿಂದಲ್ಲ, ಹೆಜ್ಜೆಯಿಂದ ಆರಂಭವಾಗಬೇಕು ಎಂಬುದು ನನ್ನ ವಾದ.

ಒಂದು ಸಣ್ಣ ಪ್ರಶ್ನೆಯಿಂದ ಇದನ್ನು ಪರೀಕ್ಷಿಸಬಹುದು. (1, 1), (4, 1), (1, 3) ಶೃಂಗಗಳುಳ್ಳ ತ್ರಿಭುಜವನ್ನೂ ಅದನ್ನು ಸರಿಸಿ ಪಡೆದ (6, 1), (9, 1), (6, 3) ತ್ರಿಭುಜವನ್ನೂ ಗ್ರಾಫ್ ಹಾಳೆಯ ಮೇಲೆ ತೋರಿಸಿ, ‘ಎಷ್ಟು ಮನೆ ಸರಿದಿದೆ?’ ಎಂದು ಕೇಳಿ. ‘ಎರಡು’ ಎನ್ನುವ ಮಕ್ಕಳು ಸಿಗುತ್ತಾರೆ. ಅವರು ಎಣಿಸಿದ್ದು ಎರಡು ಆಕೃತಿಗಳ ನಡುವೆ ಉಳಿದ ಖಾಲಿ ಜಾಗವನ್ನು. ಎಣಿಸಬೇಕಾದದ್ದು ಒಂದು ಶೃಂಗದಿಂದ ಅದೇ ಶೃಂಗದ ಹೊಸ ನೆಲೆಗೆ ಇರುವ ದೂರವನ್ನು, ಉತ್ತರ ಐದು. ಪ್ರತಿಯೊಂದು ಬಿಂದುವೂ ಒಂದೇ ದಿಕ್ಕಿನಲ್ಲಿ ಒಂದೇ ದೂರ ಸರಿದಿದೆ ಎಂಬ ಮೂಲ ಸಂಗತಿಯೇ ಅವರಿಗೆ ಕಂಡಿಲ್ಲ.

ಇದನ್ನು ಕಾಣಿಸಲು ಸೀಮೆಸುಣ್ಣ ಮತ್ತು ಒಂದು ಹಗ್ಗ ಸಾಕು. ನೆಲದ ಮೇಲೆ ಚೌಕಗಳನ್ನು ಬರೆದು, ಮೂಲಬಿಂದುವನ್ನು ಮೂಲೆಯಲ್ಲಿಡದೆ ನಡುವೆ ಇಡಬೇಕು. ಮೂವರು ಮಕ್ಕಳು (-4, -1), (-1, -1), (-4, 1) ಬಿಂದುಗಳಲ್ಲಿ ನಿಂತು, ಹಗ್ಗವನ್ನು ಬಿಗಿಯಾಗಿ ಹಿಡಿದು ತ್ರಿಭುಜವಾಗಲಿ. ಎಲ್ಲರ ಮುಖ ಒಂದೇ ಗೋಡೆಯ ಕಡೆಗಿರಲಿ. ‘ಬಲಕ್ಕೆ ಐದು, ಮೇಲಕ್ಕೆ ಎರಡು’ ಎಂದು ತರಗತಿ ಒಂದೊಂದೇ ಹೆಜ್ಜೆಯನ್ನು ಎಣಿಸಲಿ. ಮೂವರೂ ಒಟ್ಟಿಗೆ ಸರಿದರೆ ಹಗ್ಗ ಹಾಗೆಯೇ ಉಳಿಯುತ್ತದೆ. ಒಬ್ಬರು ನಾಲ್ಕಕ್ಕೇ ನಿಂತರೆ ಒಂದೆಡೆ ಹಗ್ಗ ಜಗ್ಗುತ್ತದೆ ಇಲ್ಲವೇ ಸಡಿಲವಾಗುತ್ತದೆ. ತಪ್ಪನ್ನು ಶಿಕ್ಷಕರು ಹೇಳಬೇಕಾಗಿಲ್ಲ, ಹಗ್ಗವೇ ಹೇಳುತ್ತದೆ. ಋಣ ನಾಲ್ಕಕ್ಕೆ ಐದು ಕೂಡಿದರೆ ಒಂದು ಏಕೆ ಎಂಬುದೂ ಅಕ್ಷವನ್ನು ದಾಟಿದ ಕಾಲಿಗೆ ತಿಳಿಯುತ್ತದೆ. ಹಳೆಯ ಮತ್ತು ಹೊಸ ನೆಲೆಗಳನ್ನು ಪಟ್ಟಿ ಮಾಡಿದಾಗ ನಿಯಮವನ್ನು ಮಕ್ಕಳೇ ಬರೆಯುತ್ತಾರೆ.

ನಮ್ಮ ಹೆಣ್ಣುಮಕ್ಕಳ ಕೈಗೆ ಈ ಗಣಿತ ಹೊಸದಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರವನ್ನು ಮೊದಲೇ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಯೇ ಹೊಲಿಯುತ್ತಾರೆ. ಸೆರಗಿನಂಚಿನ ಒಂದು ಗೋಪುರದಿಂದ ಮುಂದಿನ ಗೋಪುರಕ್ಕೆ ಇಂತಿಷ್ಟೇ ಎಳೆ ಎಂಬ ಲೆಕ್ಕ ಸ್ಥಾನಾಂತರವಲ್ಲದೆ ಮತ್ತೇನು? ಚುಕ್ಕಿ ರಂಗೋಲಿಯ ಅಂಚಿನಲ್ಲಿ ಒಂದೇ ಹೂವು ಮರಳಿ ಮರಳಿ ಬರುವುದೂ ಇದೇ ಲೆಕ್ಕದಿಂದ. ಮುಂಬಯಿಯ ಪುಟ್ಟ ಫ್ಲ್ಯಾಟಿನಲ್ಲೂ ಹೊಸ್ತಿಲ ಮುಂದೆ ಈ ಪಾಠಕ್ಕೆ ಜಾಗವಿದೆ.

ಇದನ್ನು ಆಟವೆಂದು ತಳ್ಳಿಹಾಕುವವರಿಗೆ ಮೇಲಿನ ತರಗತಿಯ ಒಂದು ತೊಡಕನ್ನು ನೆನಪಿಸಬೇಕು. ಎಕ್ಸ್‌ನ ವರ್ಗದ ಪರವಲಯವನ್ನು ಬಲಕ್ಕೆ ಮೂರು ಮನೆ ಸರಿಸಿದಾಗ ಸಮೀಕರಣದಲ್ಲಿ ಎಕ್ಸ್ ಇದ್ದೆಡೆ ‘ಎಕ್ಸ್ - 3’ ಬರುತ್ತದೆ. ‘ಬಲಕ್ಕೆ ಕೂಡು’ ಎಂದು ಕಂಠಪಾಠ ಮಾಡಿದವರಿಗೆ ಇದು ಒಗಟು. ನೆಲದ ಮೇಲೆ ನಡೆದವರು ಕೇಳಬಹುದಾದ ಪ್ರಶ್ನೆಯೇ ಬೇರೆ: ‘ಈಗ ಇಲ್ಲಿ ನಿಂತಿರುವ ಬಿಂದು ಮೊದಲು ಎಲ್ಲಿತ್ತು?’ ಮೂರು ಮನೆ ಹಿಂದೆ. ಹಳೆಯ ನೆಲೆ ಬೇಕೆಂದರೆ ಹೊಸದರಿಂದ ಮೂರನ್ನು ಕಳೆಯಬೇಕು. ಒಗಟು ಅಲ್ಲಿಗೆ ಬಿಡಿಸಿತು.

ಪಠ್ಯ ಮುಗಿಸುವ ಆತುರ, ಕಿಕ್ಕಿರಿದ ಕೋಣೆ, ಇವೆಲ್ಲ ಸುಳ್ಳು ನೆಪಗಳಲ್ಲ. ಆದರೂ ಈ ಚಟುವಟಿಕೆಗೆ ಎರಡು ಅವಧಿಗಳಿಗಿಂತ ಹೆಚ್ಚು ಬೇಕಿಲ್ಲ. ಕೋಣೆ ಸಾಲದಿದ್ದರೆ ಅಂಗಳ, ಮೊಗಸಾಲೆ ಇದೆ. ಜಿಯೋಜೀಬ್ರಾದಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಅದೂ ಒಳ್ಳೆಯದೇ. ಆದರೆ ತೆರೆಯ ಮೇಲಿನ ತ್ರಿಭುಜ ಎಂದೂ ತಪ್ಪಾಗಿ ಸರಿಯುವುದಿಲ್ಲ. ತಪ್ಪಲು ಅವಕಾಶವಿಲ್ಲದೆಡೆ ಕಲಿಯಲು ಅವಕಾಶ ಕಡಿಮೆ. ಆದ್ದರಿಂದ ಹಗ್ಗ ಮೊದಲು, ತೆರೆ ಆಮೇಲೆ. ಹಾಗೆಯೇ, ಕುಣಿದಾಡಿ ಮುಗಿಯುವ ಚಟುವಟಿಕೆಯೂ ವ್ಯರ್ಥ. ‘ಏನು ಬದಲಾಯಿತು? ಏನು ಬದಲಾಗಲಿಲ್ಲ?’ ಎಂಬ ಪ್ರಶ್ನೆ ಕೊನೆಯಲ್ಲಿ ಬರಲೇಬೇಕು.

ಹಿಂದಿಯಲ್ಲಿ ‘ಸ್ಥಾನಾಂತರಣ’ವೆಂದರೆ ನೌಕರಿಯ ವರ್ಗಾವಣೆಯೂ ಹೌದು. ಊರು ಬಿಟ್ಟು ಬಂದ ಮನೆಗಳ ಮಕ್ಕಳಿಗೆ ಆ ಪ್ರಶ್ನೆಯ ಉತ್ತರವನ್ನು ವಿವರಿಸುವುದು ಕಷ್ಟವಲ್ಲ: ಮನೆಮಂದಿಯೆಲ್ಲ ಒಟ್ಟಿಗೆ ಹೊರಟರೆ ವಿಳಾಸ ಬದಲಾಗುತ್ತದೆ, ಅವರವರ ನಡುವಿನ ದೂರ ಬದಲಾಗುವುದಿಲ್ಲ.