ಆರು ಸೆಕೆಂಡಿನ ಎಚ್ಚರಿಕೆ

ವಿಮಾನವನ್ನು ಮೇಲಕ್ಕೇರಿಸುವುದಕ್ಕಿಂತ ಕೆಳಗಿಳಿಸುವುದೇ ಕಷ್ಟದ ವಿದ್ಯೆ. ಮಂಜು ಕವಿದು ರನ್‌ವೇ ಕಾಣದಿದ್ದಾಗ, ನೆಲದಲ್ಲಿ ನೆಟ್ಟ ರೇಡಿಯೋ ಯಂತ್ರಗಳು ಚಾಲಕನಿಗೆ ಎಡಬಲವನ್ನೂ ಇಳಿಜಾರನ್ನೂ ಸೂಚಿಸುತ್ತವೆ. 'ಐ.ಎಲ್.ಎಸ್.' ಎಂಬ ಈ ದುಬಾರಿ ಏರ್ಪಾಡು ಹೆಚ್ಚಾಗಿ ದೊಡ್ಡ ನಿಲ್ದಾಣಗಳ ಸೊತ್ತು. ಉದ್ಯಮಿಗಳನ್ನು ಹೊತ್ತೊಯ್ಯುವ ಪುಟ್ಟ ಜೆಟ್ ವಿಮಾನಗಳಾದರೋ ಊರಿಗೆ, ಕಾರ್ಖಾನೆಗೆ ಹತ್ತಿರವಾದ ಸಣ್ಣ ನಿಲ್ದಾಣಗಳನ್ನೇ ಅರಸುತ್ತವೆ. ಆ ಕೊರತೆಯನ್ನು ತುಂಬಲು ಬಂದುದು ಉಪಗ್ರಹಗಳ ಮಾರ್ಗದರ್ಶನ. ಅಮೆರಿಕದಲ್ಲಿ 2003ರಲ್ಲಿ 'ವಾಸ್' ಎಂಬ ವ್ಯವಸ್ಥೆ ಆರಂಭವಾಯಿತು. ಇಂದು ಅಲ್ಲಿ ಇಂತಹ ನಾಲ್ಕು ಸಾವಿರಕ್ಕೂ ಹೆಚ್ಚು ಇಳಿದಾರಿಗಳಿವೆ. ಕೆಲವು ಕಡೆ ಚಾಲಕನು ಐ.ಎಲ್.ಎಸ್.ನಂತೆಯೇ 200 ಅಡಿಯವರೆಗೆ ಅದನ್ನು ನೆಚ್ಚಿ ಇಳಿಯಬಹುದು.

ಆದರೆ ಅದನ್ನು ನಂಬಬಹುದೇ?

ನಿಖರತೆ ಬೇರೆ, ವಿಶ್ವಾಸಾರ್ಹತೆ ಬೇರೆ. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ತಮ್ಮ ಸ್ಥಾನವನ್ನು ಕರಾರುವಾಕ್ಕಾಗಿ ಬಲ್ಲ ನೆಲದ ಠಾಣೆಗಳು ಅವುಗಳ ಸಂಕೇತವನ್ನು ಆಲಿಸಿ, ತಪ್ಪನ್ನು ಲೆಕ್ಕಹಾಕುತ್ತವೆ. ತಿದ್ದುಪಡಿ ಇನ್ನೊಂದು ಉಪಗ್ರಹದ ಮೂಲಕ ವಿಮಾನವನ್ನು ಸೇರುತ್ತದೆ. ತಿದ್ದುಪಡಿಗಿಂತಲೂ ಹಿರಿದಾದ ಸೇವೆ ಮತ್ತೊಂದುಂಟು. ಸಂಕೇತ ಕೆಟ್ಟರೆ ಸುಮಾರು ಆರು ಸೆಕೆಂಡಿನೊಳಗೆ 'ನನ್ನನ್ನು ನಂಬಬೇಡ' ಎಂದು ಅದೇ ಸಾರುತ್ತದೆ. ದಾರಿ ತಿಳಿಯದೆಂದು ಒಪ್ಪಿಕೊಳ್ಳುವವನು, ತಪ್ಪುದಾರಿಯನ್ನು ಧೈರ್ಯವಾಗಿ ತೋರಿಸುವವನಿಗಿಂತ ಮೇಲಲ್ಲವೇ?

ನಮ್ಮ ದೇಶದಲ್ಲಿ ಈ ಕಾರ್ಯ ಇನ್ನೂ ಕಠಿಣವಾಗಿತ್ತು. ಸಮಭಾಜಕ ವೃತ್ತದ ಸಮೀಪದಲ್ಲಿ ವಾಯುಮಂಡಲದ ವಿದ್ಯುತ್ಕಣಗಳ ಪದರವು ಸೂರ್ಯಾಸ್ತದ ತರುವಾಯ ಕಲಕಿಹೋಗಿ ಸಂಕೇತವನ್ನು ಕೆಡಿಸುತ್ತದೆ. ಇದಕ್ಕೆ ತಕ್ಕ ಗಣಿತವನ್ನು ನಮ್ಮವರೇ ರೂಪಿಸಬೇಕಾಯಿತು. ಬೆಂಗಳೂರಿನ ಕುಂದಲಹಳ್ಳಿಯಿಂದ ನಿಯಂತ್ರಿತವಾಗುವ 'ಗಗನ್' ವ್ಯವಸ್ಥೆಗೆ 2015ರ ಏಪ್ರಿಲಿನಲ್ಲಿ, ಇಳಿಯುವ ವಿಮಾನಕ್ಕೆ ಎತ್ತರದ ಮಾರ್ಗದರ್ಶನ ನೀಡುವ ಮಾನ್ಯತೆ ದೊರೆಯಿತು. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಎ.ಟಿ.ಆರ್. ವಿಮಾನವೊಂದು ಅದರ ನೆರವಿನಿಂದ ಇಳಿಯಿತು.

ಇಷ್ಟೆಲ್ಲ ಇದ್ದರೂ, ಅಷ್ಟು ದೂರದಿಂದ ಬರುವ ಸಂಕೇತ ಅತಿ ಕ್ಷೀಣವಾದುದು. ಅದನ್ನು ಅಡಗಿಸಲು ಶತ್ರುಸೈನ್ಯವೇ ಬರಬೇಕಾಗಿಲ್ಲ. ಅಮೆರಿಕದ ನ್ಯೂಅರ್ಕ್ ನಿಲ್ದಾಣದಲ್ಲಿ, ನೆಲದಿಂದಲೇ ತಿದ್ದುಪಡಿ ಕಳುಹಿಸುವ ಇನ್ನೊಂದು ಬಗೆಯ ಉಪಗ್ರಹ ವ್ಯವಸ್ಥೆಯನ್ನು ಪರೀಕ್ಷಿಸುತ್ತಿದ್ದಾಗ ಅದು ಆಗಾಗ ತೊಡಕಿಗೆ ಸಿಲುಕುತ್ತಿತ್ತು. 2012ರ ಆಗಸ್ಟಿನಲ್ಲಿ ಅಧಿಕಾರಿಗಳು ಹುಡುಕಿದಾಗ ಸಿಕ್ಕಿದ್ದು ಒಂದು ಟ್ರಕ್ಕು! ತಾನೆಲ್ಲಿರುವೆನೆಂದು ಧಣಿಗೆ ತಿಳಿಯಬಾರದೆಂದು ಚಾಲಕನು ಸಂಕೇತವನ್ನು ಅಡಗಿಸುವ ಯಂತ್ರವೊಂದನ್ನು ಇಟ್ಟುಕೊಂಡಿದ್ದನು. ಧಣಿಯ ಕಣ್ಣು ತಪ್ಪಿಸಹೊರಟವನಿಗೆ ವಿಮಾನಗಳ ಕಣ್ಣು ಕಟ್ಟುತ್ತಿರುವುದರ ಅರಿವೇ ಇದ್ದಿರಲಾರದು. ದಂಡ, ಸುಮಾರು 32,000 ಡಾಲರ್.

2016ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದಲ್ಲಿ ಸೇನೆ ಜಿ.ಪಿ.ಎಸ್. ಅಡಗಿಸುವ ಪರೀಕ್ಷೆಯನ್ನು ಯೋಜಿಸಿದಾಗ, 'ಫೀನಮ್ 300' ಎಂಬ ಉದ್ಯಮಿಗಳ ಜೆಟ್ ವಿಮಾನದ ಚಾಲಕರಿಗೆ ಪ್ರತ್ಯೇಕ ಎಚ್ಚರಿಕೆ ಹೊರಟಿತು. ಆ ವಿಮಾನದಲ್ಲಿ ಸಂಕೇತ ತಪ್ಪಿದರೆ ದಾರಿಯಷ್ಟೇ ಅಲ್ಲ, ಹಾರಾಟದ ನಿಯಂತ್ರಣಕ್ಕೂ ಬಾಧೆ ತಟ್ಟಬಹುದಾಗಿತ್ತು. ಅಡಗಿಸುವುದಕ್ಕಿಂತ ಕುಟಿಲವಾದುದು ಕಪಟ ಸಂಕೇತ. 2023ರಿಂದ ಪಶ್ಚಿಮ ಏಷ್ಯದ ಆಕಾಶದಲ್ಲಿ ವಿಮಾನಗಳು ಅದರ ಮೋಸಕ್ಕೆ ಸಿಲುಕಿವೆ. ಅಲ್ಲಿ ಆರು ಸೆಕೆಂಡಿನ ಎಚ್ಚರಿಕೆಯನ್ನೇ ನೆಚ್ಚಿ ಕೂಡುವಂತಿಲ್ಲ.

ಎಸ್ಟೋನಿಯದ ಟಾರ್ಟು ನಿಲ್ದಾಣಕ್ಕೆ ಇಳಿಯಲು ಜಿ.ಪಿ.ಎಸ್. ಒಂದನ್ನೇ ಆಶ್ರಯಿಸಲಾಗಿತ್ತು. 2024ರ ಏಪ್ರಿಲಿನಲ್ಲಿ ಸಂಕೇತ ಕೆಟ್ಟುದರಿಂದ ಫಿನ್‌ಏರ್ ಸಂಸ್ಥೆಯ ಎರಡು ವಿಮಾನಗಳು ಇಳಿಯಲಾರದೆ ಹೆಲ್ಸಿಂಕಿಗೆ ಮರಳಿದವು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಆ ಊರಿಗೆ ಒಂದು ತಿಂಗಳು ಅದರ ವಿಮಾನ ಬರಲಿಲ್ಲ. ನೆಲದ ರೇಡಿಯೋ ನೆರವಿನಿಂದ ಇಳಿಯುವ ದಾರಿ ಸಿದ್ಧವಾದ ಮೇಲೆ, ಜೂನಿನಲ್ಲಿ, ಸಂಚಾರ ಮತ್ತೆ ಮೊದಲಾಯಿತು.