ಬಾಣಂತಿ ಸಾರಿಗೆ ಗೌಜಲಕ್ಕಿ ಬೇಡ

ನಮ್ಮ ನಾದಿನಿ ಈ ಸಲ ಯಲಹಂಕದ ನಮ್ಮನೇಲೇ ಬಾಣಂತನ ಮಾಡಿಸ್ಕೊಂಡ್ಳು. ಹೆರಿಗೆಯಾಗಿ ಹದಿನೈದು ದಿನ ಆಗಿತ್ತು. ಊರಿಂದ ಬಂದಿದ್ದ ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ಕೂತ್ಕೊಂಡು, "ಎಷ್ಟು ದಿನಾಂತ ಬರೀ ಮೆಣಸಿನ ಸಾರು ಹಾಕ್ತೀಯೆ? ಒಂದು ಜೊತೆ ಗೌಜಲಕ್ಕಿ ತರಿಸು. ಸೊಂಟ ಗಟ್ಟಿಯಾಗ್ತದೆ" ಅಂದ್ರು. ತಂದುಕೊಡೋರು ಅವರಿಗೆ ಗೊತ್ತಿದ್ರು, ಒಂದು ಫೋನ್ ಮಾಡಿದ್ರೆ ಸಾಕಾಗಿತ್ತು. ನಾನು ಬೇಡ ಅಂದೆ. ದೊಡ್ಡಮ್ಮ ಎರಡು ದಿನ ನನ್ನತ್ರ ಮಾತೇ ಆಡಲಿಲ್ಲ.

ಮಾಂಸ ತಿನ್ನಬಾರದು ಅಂತ ಬೇಡ ಅಂದಿದ್ದಲ್ಲ. ಭಾನುವಾರ ನಮ್ಮನೇಲಿ ಕೋಳಿ ಬೇಯದಿದ್ರೆ ಗಂಡಸ್ರ ಮುಖ ನೋಡಕ್ಕಾಗಲ್ಲ. ಆ ಹಕ್ಕೀನ ಹೆಂಗೆ ಹಿಡೀತಾರೆ ಅಂತ ನನಗೆ ಗೊತ್ತಿತ್ತು, ಅದಕ್ಕೆ ಬೇಡ ಅಂದೆ.

ನಾನು ಚಿಕ್ಕೋಳಿದ್ದಾಗ ತಾತ ಒಂದು ಗಂಡು ಗೌಜಲಕ್ಕಿ ಸಾಕಿದ್ರು. ಬಿದಿರಿನ ಪುಟ್ಟ ಪಂಜರ, ಮೇಲೆ ಹಳೇ ಪಂಚೆ ತುಂಡು. ಅದಕ್ಕೆ ರಾಗಿಕಾಳು, ಗೆದ್ದಲುಹುಳ ಹಾಕೋದು ನನ್ನ ಕೆಲಸ. ಮುದ್ದಿಗೆ ಸಾಕವ್ರೆ ಅಂದ್ಕೊಂಡಿದ್ದೆ. ಒಂದಿನ ನಸುಕಲ್ಲೆದ್ದು ಹಠ ಮಾಡಿ ತಾತನ ಹಿಂದೆ ಹೋದೆ. ಪೊದೆ ಮಧ್ಯ ಪಂಜರ ಇಟ್ರು, ಸುತ್ತಲೂ ಗೂಟ ಹೊಡೆದು ಉರುಲು ಕಟ್ಟಿದ್ರು, ಬಟ್ಟೆ ತೆಗೆದು ಮರೇಲಿ ಕೂತ್ರು. ನಾನು ಕಾಳು ಹಾಕಿ ಸಾಕಿದ ಹಕ್ಕಿ ಗಂಟಲು ಬಿಟ್ಟು ಕೂಗ್ತು. ಅತ್ತ ಕಡೆಯಿಂದ ಇನ್ನೊಂದು ಉತ್ತರ ಕೊಡ್ತು. ಸ್ವಲ್ಪ ಹೊತ್ತಿಗೆ ಅದು ಜಗಳಕ್ಕೆ ಓಡಿಬಂತು, ಕಾಲು ಉರುಲಿಗೆ ಸಿಕ್ತು.

ಗಂಡು ಗೌಜಲಕ್ಕಿ ತನ್ನ ಜಾಗದಲ್ಲಿ ಇನ್ನೊಂದು ಗಂಡಿನ ದನಿ ಕೇಳಿದ್ರೆ ಸುಮ್ಮನಿರಲ್ಲ, ಓಡಿಸಕ್ಕೆ ಬರ್ತದೆ. ಹೆಚ್ಚಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಸಂಸಾರದ ಕಾಲ. ಹೆಣ್ಣು ನೆಲದ ಮೇಲೆ ಹುಲ್ಲಿನ ಮರೇಲಿ ಆರೆಂಟು ಮೊಟ್ಟೆ ಇಟ್ಟು ಕಾವು ಕೂತಿರ್ತದೆ. ಆ ಹೊತ್ತಲ್ಲೇ ಗಂಡಿನ ಕೂಗು ಜೋರು, ಹಿಡಿಯೋರಿಗೆ ಆ ಹೊತ್ತೇ ಸಲೀಸು. ಹೀಗೆ ಬೇರೆ ಪ್ರಾಣೀನ ಸೆಳೆಯಕ್ಕೆ ಸಾಕಿದ ಪ್ರಾಣಿಗೆ ಹಳೇ ಕನ್ನಡದಲ್ಲಿ 'ದೀವ' ಅಂತ ಹೆಸರೇ ಐತೆ. ರಾಮಾಯಣದ ಮಾರೀಚ ಮಾಡಿದ್ದೂ ಇದನ್ನೇ. ಮೊದಲು ಚಿನ್ನದ ಜಿಂಕೆಯಾಗಿ ಆಸೆ ತೋರಿಸಿದ, ಸಾಯೋವಾಗ ರಾಮನ ದನೀಲಿ ಕೂಗಿದ. ಸೀತೆ ಗಂಡನ ಮೇಲಿನ ಪ್ರೀತಿಗೇ ಮೋಸ ಹೋದಳು. ಗೌಜಲಕ್ಕೀನೂ ಹಂಗೇ, ಮನೆ ಕಾಯಕ್ಕೆ ಹೋಗಿ ಸಿಕ್ಕಾಕೊಳ್ತದೆ. ಒಬ್ಬ ಬಾಣಂತಿಗೆ ಸಾರು ಮಾಡಕ್ಕೆ ಕಾವು ಕೂತಿರೋ ಇನ್ನೊಂದರ ಗಂಡನ್ನ ಹಿಡ್ಕೊಂಡು ಬರೋದು ನನಗೆ ಸರಿ ಕಾಣಲ್ಲ.

ಇದನ್ನ ಕೇಳಿ ಅಮೆರಿಕದಲ್ಲಿರೋ ನಮ್ಮ ಚಿಕ್ಕಮ್ಮನ ಮಗ ನಕ್ಕ. "ಅಕ್ಕ, ಇಲ್ಲಿ ವಸಂತಕಾಲ ಬಂದ್ರೆ ಹೊಲದಲ್ಲಿ ಪ್ಲಾಸ್ಟಿಕ್ಕಿನ ಹೆಣ್ಣು ಟರ್ಕಿಕೋಳಿ ನಿಲ್ಸಿ, ಹುಡುಕ್ಕೊಂಡು ಬರೋ ಗಂಡನ್ನ ಹೊಡೀತಾರೆ" ಅಂದ. ಇರಬಹುದು. ಅಲ್ಲಿ ಅದಕ್ಕೆ ಲೈಸೆನ್ಸು, ಇಷ್ಟೇ ದಿನ, ಇಷ್ಟೇ ಹಕ್ಕಿ ಅಂತ ಲೆಕ್ಕ ಐತೆ. ವಸಂತದಲ್ಲಿ ಹೆಚ್ಚಿನ ಕಡೆ ಹೆಣ್ಣನ್ನ ಮುಟ್ಟಂಗಿಲ್ಲ. ಬಾತುಕೋಳಿ ಬೇಟೇಲಿ ಜೀವಂತ ಬಾತು ಕಟ್ಟಿ ಕರೆಯೋದನ್ನ ಆ ದೇಶದಲ್ಲೂ 1935ರಲ್ಲೇ ನಿಲ್ಸಿದ್ರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಂದ್ರೆ ಗುಂಡು ಹೊಡೆಯೋದಷ್ಟೇ ಅಲ್ಲ. ಬಲೆ, ಉರುಲು ಹಾಕೋದು, ಆಸೆ ತೋರಿಸಿ ಕರೆಯೋದು, ಹಿಡಿಯಕ್ಕೆ ಪ್ರಯತ್ನ ಮಾಡೋದೂ ಬೇಟೇನೇ. ಮಾಂಸ ಮನೇಲಿ ಇಟ್ಕೊಂಡೋರೂ ತಪ್ಪಿಸ್ಕೊಳ್ಳಂಗಿಲ್ಲ. ಜೈಲೂ ಐತೆ, ದಂಡಾನೂ ಐತೆ. 2022ರ ತಿದ್ದುಪಡೀಲಿ ದಂಡ ಇನ್ನೂ ಏರಿಸವ್ರೆ.

ಹಂಗಂತ ಹಿಡಿಯೋರನ್ನ ಮಾತ್ರ ಬೈದು ನಾವು ಕೈ ತೊಳ್ಕೊಳ್ಳೋದು ತಪ್ಪು. ಹಕ್ಕಿಪಿಕ್ಕಿ ಜನಕ್ಕೆ ಇದು ಹೊಟ್ಟೆಪಾಡಿನ ವಿದ್ಯೆ ಆಗಿತ್ತು. ಅವರಲ್ಲಿ ಎಷ್ಟೋ ಜನ ಅದನ್ನ ಬಿಟ್ಟು ಈಗ ತಲೆಗೂದಲ ಎಣ್ಣೆ ಮಾರ್ಕೊಂಡು ಬದುಕ್ತಾವ್ರೆ. ಬಿಡದೇ ಇರೋರು ನಾವೇ, "ಒಂದು ಜೊತೆ ತಂದುಕೊಡಪ್ಪ" ಅನ್ನೋರು. ಅಡುಗೆಮನೇಲಿ ನಾವು ಕೇಳೋದು ನಿಲ್ಸಿದ್ರೆ ಪೊದೇಲಿ ಉರುಲು ಕಟ್ಟೋರೂ ಕಮ್ಮಿ ಆಗ್ತಾರೆ.

ಹೆಬ್ಬಾಳದಿಂದ ಈ ಕಡೆ ಬಯಲು ಅಂತ ಉಳಿದಿರೋದೇ ಎಷ್ಟು? ಜಿಕೆವಿಕೆ ಒಳಗೆ ಒಂದಿಷ್ಟು, ಹೆಸರಘಟ್ಟದ ಹುಲ್ಲುಗಾವಲು ಒಂದಿಷ್ಟು. ನಾವು ಮದುವೆಯಾಗಿ ಬಂದಾಗ ಮನೆ ಹಿಂದಿನ ಖಾಲಿ ಜಾಗದಲ್ಲೇ ಬೆಳಗಾದ್ರೆ ಗೌಜಲಕ್ಕಿ ಕೂಗ್ತಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದೈತೆ. ಜಾಗಾನೂ ನಾವೇ ತಗೊಂಡು, ಉಳಿದಿರೋ ನಾಕು ಹಕ್ಕೀನೂ ಕರೆದು ಹಿಡಿದ್ರೆ ಹೆಂಗೆ?

ಇನ್ನೊಂದು ಮಾತು. ಮಗು ಊಟ ಮಾಡ್ಲಿ ಅಂತ ಪಾರ್ಕಲ್ಲಿ, ಕೆರೆ ಏರಿ ಮೇಲೆ ಫೋನಲ್ಲಿ ಹಕ್ಕಿ ದನಿ ಹಾಕ್ತೀವಿ. ಫೋಟೋ ತೆಗೆಯೋರೂ ಹಾಕ್ತಾರೆ. ಉರುಲು ಇಲ್ಲ, ನಿಜ. ಆದ್ರೂ ಆ ಹಕ್ಕಿ ಯಾವನೋ ಬಂದ ಅಂತ ಗೂಡು ಬಿಟ್ಟು ಓಡಿಬರ್ತದೆ, ಇಲ್ಲದಿರೋ ಶತ್ರೂನ ಹುಡುಕ್ತದೆ. ಅದನ್ನೂ ಬಿಡೋಣ. ಮಗೂಗೆ ಹಕ್ಕಿ ತಾನಾಗೇ ಕೂಗೋದನ್ನ ಕೇಳ್ಸೋಣ.

ಬಾಣಂತಿ ಮೈ ಗಟ್ಟಿಯಾಗಕ್ಕೆ ಕಾಡುಹಕ್ಕೀನೇ ಬೇಕಾಗಿಲ್ಲ. ನಾಟಿಕೋಳಿ, ಮೊಟ್ಟೆ, ಹೆಸರುಕಾಳು, ಸೊಪ್ಪು, ರಾಗಿ, ಎಲ್ಲಾ ನಮ್ಮ ಕೈಗೆ ಸಿಗೋದೇ. ಮೂರನೇ ದಿನ ನಾನು ಮೆಣಸು, ಬೆಳ್ಳುಳ್ಳಿ ಜಾಸ್ತಿ ಹಾಕಿ ನಾಟಿಕೋಳಿ ಸಾರು ಮಾಡಿದೆ. ನಾದಿನಿ ಎರಡು ಸಲ ಹಾಕಿಸ್ಕೊಂಡ್ಳು. ದೊಡ್ಡಮ್ಮ ಒಂದು ಬಟ್ಟಲು ಕುಡಿದು, "ಉಪ್ಪು ಕಮ್ಮಿ" ಅಂದ್ರು. ಮಾತು ಶುರುವಾಯ್ತಲ್ಲ, ಅಷ್ಟೇ ಸಾಕು ಅಂದ್ಕೊಂಡೆ.